ಮನಸ್ಸಿನ ಚಿಕಿತ್ಸಕರನ್ನು ಅರಸುವವರಿಗೆ

ಈ ಪುಟವನ್ನು ತಪ್ಪದೆ ಓದುವ ಗೃಹಸ್ಥರೊಬ್ಬರು ಕಳೆದ ತಿಂಗಳು ನನಗೊಂದು ಕಾಗದವನ್ನು ಬರೆದಿರುವರು. ಅವರ ಮಗನಿಗೆ ಈಗ 24 ವರ್ಷ. ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗನು ಆರು ತಿಂಗಳ ಹಿಂದೆ ಮನೆಗೆ ಹಿಂದಿರುಗಿ, ಕೋಣೆಯ ಬಾಗಿಲನ್ನು ಹಾಕಿಕೊಂಡು ಕುಳಿತಿರುವನಂತೆ. ಊಟ ನಿದ್ರೆಗಳು ಕೆಟ್ಟಿವೆ. ಊರಿನ ವೈದ್ಯರು ಪರೀಕ್ಷಿಸಿ, ‘ದೇಹದಲ್ಲಿ ದೋಷವೇನೂ ಕಾಣದು, ಥೆರಪಿಗೆ ಕರೆದುಕೊಂಡು ಹೋಗಿರಿ’ ಎಂದರಂತೆ. ಆ ಗೃಹಸ್ಥರ ಪ್ರಶ್ನೆಗಳು ಎರಡು. ಈ ಥೆರಪಿ ಎಂಬುದನ್ನು ಮಾಡುವವರು ಯಾರು, ಅವರಲ್ಲಿ ತಕ್ಕವರನ್ನು ಗುರುತಿಸುವುದು ಹೇಗೆ ಎಂಬುದು ಮೊದಲನೆಯದು. ಮಗನ ಸಂಗಡ ತಾವೂ ಕೋಣೆಯೊಳಗೆ ಕುಳಿತಿರಬಹುದೆ ಎಂಬುದು ಎರಡನೆಯದು. ‘ತಾವು ಶಾಸ್ತ್ರ ಬಲ್ಲವರಾದ್ದರಿಂದ ಕೇಳುತ್ತಿದ್ದೇನೆ’ ಎಂದು ಕೊನೆಯಲ್ಲಿ ಸೇರಿಸಿರುವರು. ನಾನು ಓದಿದ ವ್ಯಾಕರಣವೂ ಅಲಂಕಾರವೂ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರವು. ಆದರೆ ಈ ದಾರಿಯಲ್ಲಿ ಎರಡು ಸಲ ಎಡವಿ ನಡೆದವನು ನಾನು. ಆ ಬಲದಿಂದ ಉತ್ತರ ಹೇಳುತ್ತೇನೆ.

ಎರಡು ವರ್ಷಗಳ ಹಿಂದೆ, ನಾನಿನ್ನೂ ಶಾಲೆಯ ಕೆಲಸದಲ್ಲಿದ್ದಾಗ, ನನ್ನ ಹೆಂಡತಿ ತೀರಿಕೊಂಡಳು. ಮೂತ್ರಪಿಂಡಗಳ ರೋಗ, ಹದಿನಾಲ್ಕು ತಿಂಗಳು ವಾರಕ್ಕೆರಡು ಸಲ ಡಯಾಲಿಸಿಸ್. ಕರ್ಮಾದಿಗಳೆಲ್ಲ ಮುಗಿದವು, ನೆಂಟರು ಹೊರಟುಹೋದರು, ನಾನು ಶಾಲೆಗೆ ಹೋಗತೊಡಗಿದೆನು. ಹಗಲು ಹೇಗೋ ಸಾಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಮಾತ್ರ ಯಾರೋ ತಟ್ಟಿ ಎಬ್ಬಿಸಿದಂತೆ ಎಚ್ಚರವಾಗುತ್ತಿತ್ತು, ಆಮೇಲೆ ನಿದ್ರೆಯಿಲ್ಲ. ಶೋಕವನ್ನು ಗೆಲ್ಲುವ ಗೀತೆಯ ಶ್ಲೋಕಗಳಿಗೆ ಮೂವತ್ತು ವರ್ಷ ಅರ್ಥ ಹೇಳಿದವನು ನಾನು. ಅರ್ಧರಾತ್ರಿಯಲ್ಲಿ ಅವು ಬಂದು, ಪರಿಚಯವಿಲ್ಲದ ಅತಿಥಿಗಳಂತೆ ಬಾಗಿಲಲ್ಲೇ ನಿಂತು ಹಿಂದಿರುಗುತ್ತಿದ್ದವು. ಹೀಗೆ ಒಂದು ವರ್ಷ ಕಳೆದ ಮೇಲೆ ಮಗಳು ಹಟ ಹಿಡಿದು ನನ್ನನ್ನು ಹೊರಡಿಸಿದಳು.

ಮೊದಲು ದೇಹದ ವೈದ್ಯರಲ್ಲಿಗೆ ಹೋದುದು ಯೋಗ್ಯವೇ ಆಯಿತು. ಥೈರಾಯ್ಡ್ ಗ್ರಂಥಿಯು ಮಂದವಾದರೂ, ಬಿ12 ಎಂಬ ಜೀವಸತ್ತ್ವವು ಕಡಮೆಯಾದರೂ ಮನಸ್ಸು ಕುಗ್ಗುವುದುಂಟು. ರಕ್ತವನ್ನು ಪರೀಕ್ಷಿಸಿದರೆ ಅದು ತಿಳಿಯುವುದು. ನನ್ನ ರಕ್ತ ನೆಟ್ಟಗಿತ್ತು. ಕಾಗದ ಬರೆದ ಮಹನೀಯರೂ ಈ ಪರೀಕ್ಷೆಗಳಾಗಿವೆಯೇ ಎಂದು ವೈದ್ಯರನ್ನು ಇನ್ನೊಮ್ಮೆ ಕೇಳಬಹುದು.

ಇನ್ನು ಚಿಕಿತ್ಸಕರ ವಿಷಯ. ಪೇಟೆಯಲ್ಲಿ ಹೋಗುತ್ತಿದ್ದರೆ ಬಗೆಬಗೆಯ ಹಲಗೆಗಳು ಕಾಣುವುವು. ಎಲ್ಲ ಹಲಗೆಗಳ ಹಿಂದೆಯೂ ಒಂದೇ ವಿದ್ಯೆಯಿಲ್ಲ. ಮನೋವೈದ್ಯರು, ಎಂದರೆ ಸೈಕಿಯಾಟ್ರಿಸ್ಟರು, ಮೊದಲು ಎಲ್ಲರಂತೆ ವೈದ್ಯಪದವಿಯನ್ನು ಪಡೆದು ಆ ಮೇಲೆ ಮನೋರೋಗಗಳನ್ನು ವಿಶೇಷವಾಗಿ ಅಭ್ಯಾಸ ಮಾಡಿದವರು; ಔಷಧ ಬರೆದುಕೊಡುವವರು ಇವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಎಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಮಾತಿನ ಮೂಲಕವೂ ಅಭ್ಯಾಸಗಳ ಮೂಲಕವೂ ಚಿಕಿತ್ಸೆ ಮಾಡುವುದನ್ನು ಆಸ್ಪತ್ರೆಗಳಲ್ಲಿ ಹಿರಿಯರ ಕೈಕೆಳಗೆ ಕಲಿತವರು. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ದಾಖಲೆಯಲ್ಲಿರತಕ್ಕದ್ದು; ಆ ಪರಿಷತ್ತಿಗೆ ಆಧಾರವಾದುದು 1992ರ ಕಾಯಿದೆ. ಎಂ.ಫಿಲ್. ಎಂಬ ಪದವಿಯು ಬಹುಕಾಲ ಇವರ ಗುರುತಾಗಿತ್ತು. ಈಚೆಗೆ ಪದವಿಗಳ ಹೆಸರುಗಳು ಬದಲಾಗುತ್ತಿರುವುದರಿಂದ, ಹೆಸರನ್ನು ಕೇಳುವುದಕ್ಕಿಂತ ನೋಂದಣಿಯ ಸಂಖ್ಯೆಯನ್ನು ಕೇಳುವುದು ಲೇಸು. ಮನೋರೋಗ ಸಮಾಜಕಾರ್ಯಕರ್ತರೆಂಬ ಇನ್ನೊಂದು ವರ್ಗವುಂಟು. ಮನೆಯೊಳಗಿನ ಜಗಳ, ಕುಡಿತ, ದಾಂಪತ್ಯದ ಕಷ್ಟಗಳಲ್ಲಿ ಇವರಿಂದ ಆಗುವ ಉಪಕಾರವನ್ನು ನಾನು ಕಣ್ಣಾರೆ ಕಂಡಿರುವೆನು. ಇನ್ನು ಕೌನ್ಸೆಲರ್ ಎಂಬ ಮಾತಿದೆಯಲ್ಲ, ಅದರ ವಿಷಯದಲ್ಲಿ ಎಚ್ಚರ ಬೇಕು. ಐದಾರು ವರ್ಷ ನಿಷ್ಠೆಯಿಂದ ಕಲಿತು ದುಡಿಯುವ ಉತ್ತಮರೂ ಆ ಹೆಸರಿನಲ್ಲಿದ್ದಾರೆ, ವಾರಾಂತ್ಯದ ಎರಡು ದಿನದ ಶಿಬಿರದಿಂದ ಪ್ರಮಾಣಪತ್ರ ತಂದು ಗೋಡೆಗೆ ತೂಗುಹಾಕಿದವರೂ ಅದೇ ಹೆಸರಿನಲ್ಲಿದ್ದಾರೆ. ‘ತಾವು ಎಲ್ಲಿ, ಎಷ್ಟು ಕಾಲ, ಯಾರ ಬಳಿ ಅಭ್ಯಾಸ ಮಾಡಿದಿರಿ?’ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿರಿ. ಮದುವೆಯ ಮಾತಿಗೆ ಗಂಡಿನ ಮೂರು ತಲೆಮಾರನ್ನು ವಿಚಾರಿಸುವ ನಾವು, ಮನಸ್ಸನ್ನು ಒಪ್ಪಿಸುವಾಗ ಎರಡು ಪ್ರಶ್ನೆ ಕೇಳಲು ಹಿಂಜರಿಯುವುದು ವಿಚಿತ್ರವಲ್ಲವೆ?

ನಮ್ಮ ಹಿರಿಯರಿಗೆ ಈ ವಿಷಯವು ತೀರ ಹೊಸದಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮೂರು ಬಗೆಯ ಚಿಕಿತ್ಸೆಗಳನ್ನು ಹೇಳಿದ್ದು, ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಳೆಯುವ ಚಿಕಿತ್ಸೆಗೆ ‘ಸತ್ತ್ವಾವಜಯ’ವೆಂದು ಹೆಸರು ಕೊಟ್ಟಿದೆ. ಅದೇ ಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನೂ, ಒಂದೊಂದಕ್ಕೂ ನಾಲ್ಕು ಗುಣಗಳನ್ನೂ ಎಣಿಸಿದೆ. ವೈದ್ಯನಿಗೆ ಶಾಸ್ತ್ರಜ್ಞಾನ, ಕಣ್ಣಾರೆ ಕಂಡ ಅನುಭವ, ದಕ್ಷತೆ, ಶೌಚ. ಇದು ಯಾರಿಗಾದರೂ ಹೊಳೆಯುವ ಮಾತು. ನನ್ನನ್ನು ತಡೆದು ನಿಲ್ಲಿಸಿದುದು ರೋಗಿಯ ಗುಣಗಳು. ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಭಯವಿರಬಾರದು, ತನ್ನ ರೋಗವನ್ನು ತಿಳಿಸುವ ಶಕ್ತಿಯಿರಬೇಕು. ಈ ಕಡೆಯ ಎರಡನ್ನು ನಾನು ತರುಣನಾಗಿದ್ದಾಗ ಓದಿ ಮುಂದೆ ಹೋಗಿದ್ದೆನು. ಈಗ ನೋಡಿದರೆ ಚಿಕಿತ್ಸಕನನ್ನು ಆರಿಸುವ ಉಪಾಯವೆಲ್ಲ ಅವುಗಳಲ್ಲೇ ಅಡಗಿದೆಯೆಂದು ತೋರುವುದು. ಯಾರ ಎದುರಿಗೆ ಕುಳಿತರೆ ಭಯವು ಕಡಮೆಯಾಗಿ, ಹೇಳಬೇಕಾದುದನ್ನು ಹೇಳುವ ಶಕ್ತಿಯು ನಮಗೆ ಬರುವುದೋ ಅವರೇ ನಮಗೆ ತಕ್ಕವರು. ನೆರೆಮನೆಯವರಿಗೆ ತಕ್ಕವರು ಬೇರೊಬ್ಬರಾಗಿರಬಹುದು.

ಇದು ನನಗೆ ತಿಳಿದ ಬಗೆಯನ್ನು ಹೇಳುವೆನು. ನಾನು ಮೊದಲು ಹೋದುದು ದೊಡ್ಡ ಪಟ್ಟಣದಲ್ಲಿ ಹೆಸರಾದ ಒಬ್ಬರ ಬಳಿಗೆ. ಅವರ ವಿದ್ಯೆಗೆ ಕುಂದಿಲ್ಲ. ಅವರು ಇಂಗ್ಲಿಷಿನಲ್ಲಿ ಕೇಳುವರು, ನಾನು ಇಂಗ್ಲಿಷಿನಲ್ಲಿ ಉತ್ತರ ಹೇಳುವೆನು. ಪತ್ರಿಕೆ ಓದುವಷ್ಟು, ಅನ್ಯರ ವ್ಯಾಕರಣದ ತಪ್ಪುಗಳನ್ನು ತಿದ್ದುವಷ್ಟು ಇಂಗ್ಲಿಷ್ ನನಗುಂಟು. ಅಳುವುದಕ್ಕೆ ಸಾಲುವಷ್ಟು ಇಲ್ಲ. ನಮ್ಮ ಸಂಕಟವು ಎದೆಯ ಮೇಲೆ ಕಲ್ಲಾಗಿ ಕೂರುತ್ತದೆ, ಹೊಟ್ಟೆಯಲ್ಲಿ ಕಿವಿಚಿದಂತಾಗುತ್ತದೆ, ಜೀವ ಹಿಂಡಿದಂತಾಗುತ್ತದೆ. ಅವರು ದುಃಖಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಡಿರೆಂದರು. ನಾನು ಉಪಾಧ್ಯಾಯನ ಅಭ್ಯಾಸದಂತೆ ಸ್ವಲ್ಪ ಕೈಬಿಗಿ ಹಿಡಿದು ಆರು ಕೊಟ್ಟೆನು. ನಿದ್ರೆಯ ವಿಷಯವನ್ನು ಹೇಳಿದೆನು. ನಿದ್ರೆಯನ್ನು ಕೆಡಿಸುತ್ತಿದ್ದುದನ್ನು ಹೇಳಲಿಲ್ಲ. ನಾಲ್ಕು ಸಲ ಹೋಗಿ, ಐದನೆಯ ಸಲ ಏನೂ ತಿಳಿಸದೆ ನಿಂತುಬಿಟ್ಟೆನು. ಅದು ನನ್ನ ತಪ್ಪು. ‘ನನಗೆ ಕನ್ನಡದಲ್ಲಿ ಮಾತನಾಡಬೇಕಾಗಿದೆ’ ಎಂಬ ಒಂದು ವಾಕ್ಯವನ್ನು ಹೇಳಿದ್ದರೆ ಅವರೇ ಬೇರೆಯವರ ಹೆಸರನ್ನು ಕೊಡುತ್ತಿದ್ದರೋ ಏನೋ. ನಮ್ಮ ಬೀದಿಯ ಹುಡುಗಿಯೊಬ್ಬಳು ಅವರಲ್ಲಿಯೇ ಚಿಕಿತ್ಸೆ ಪಡೆದು ಗುಣಮುಖಳಾಗಿರುವಳೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಎರಡನೆಯವರು ನನ್ನ ವಯಸ್ಸಿನವರು, ಸೌಜನ್ಯಶಾಲಿಗಳು, ಒಳ್ಳೆಯ ಕನ್ನಡ. ನಾನು ಕುಳಿತ ಹತ್ತು ನಿಮಿಷಗಳಲ್ಲಿ ಅವರು, ಹುಟ್ಟಿದವನಿಗೆ ಸಾವು ನಿಶ್ಚಿತವೆಂದೂ ಬಲ್ಲವರಾದ ತಾವು ಹೀಗೆ ಕುಗ್ಗಬಾರದೆಂದೂ ಬೋಧಿಸತೊಡಗಿದರು. ಕೇಳುತ್ತಿದ್ದಂತೆ ಆ ಧ್ವನಿಯನ್ನು ಎಲ್ಲಿಯೋ ಕೇಳಿರುವೆನಲ್ಲ ಎನಿಸಿತು. ಅದು ನನ್ನದೇ ಧ್ವನಿ. ತಂದೆಯನ್ನು ಕಳೆದುಕೊಂಡು ತರಗತಿಗೆ ಬಂದ ಎಷ್ಟು ಮಕ್ಕಳಿಗೆ ನಾನು ಇದೇ ಮಾತನ್ನು ಹೇಳಿ ಕಳುಹಿಸಿರುವೆನೋ! ಅದಂತಿರಲಿ. ಎರಡನೆಯ ಸಲ ಹೋದಾಗ ಅವರು ನನಗೆ ಧೈರ್ಯ ತುಂಬಲೆಂದು ಇನ್ನೊಬ್ಬ ರೋಗಿಯ ಕಥೆಯನ್ನು ಹೇಳಿದರು. ಹೆಸರು ಹೇಳಲಿಲ್ಲ, ಆದರೆ ಬೀದಿಯನ್ನೂ ಉದ್ಯೋಗವನ್ನೂ ಕೇಳಿದೊಡನೆ ಅದು ಯಾರೆಂದು ನನಗೆ ತಿಳಿದುಹೋಯಿತು. ನಾಳೆ ಇನ್ನೊಬ್ಬರ ಮುಂದೆ ನನ್ನ ಬೀದಿಯೂ ಬರುವುದೆಂದು ಎದ್ದು ಬಂದೆನು. ಇದಕ್ಕೆ ಮಾತ್ರ ಎರಡನೆಯ ಅವಕಾಶ ಕೊಡಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ.

ಮೂರನೆಯ ಸಲ ಹೋದುದು ಸರ್ಕಾರದ ಜಿಲ್ಲಾ ಆಸ್ಪತ್ರೆಗೆ, ಅದೂ ಖರ್ಚು ಕಡಮೆಯೆಂಬ ಕಾರಣದಿಂದ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ, ಮನೋರೋಗಿಗಳನ್ನು ದೂರದ ಊರಿಗೆ ಕರೆತರುವುದಕ್ಕೆ ಬದಲಾಗಿ ಚಿಕಿತ್ಸೆಯನ್ನೇ ಹಳ್ಳಿಗಳ ಸಮೀಪಕ್ಕೆ ಒಯ್ಯುವ ಪ್ರಯೋಗವನ್ನು ನಡೆಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ನಮ್ಮ ನಾಡಿನ ಒಂದು ಜಿಲ್ಲೆಯ ಕೆಲಸವು ದೇಶಕ್ಕೆ ಮಾದರಿಯಾಯಿತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಅಲ್ಲಿ ನನಗೆ ದೊರೆತವರು ನನ್ನ ಮಗಳಿಗಿಂತಲೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಜ ಹೇಳುವೆನು, ಬಾಗಿಲಲ್ಲೇ ನನಗೆ ಬೇಸರವಾಯಿತು. ಈ ಕೂಸಿನ ಮುಂದೆ ಏನು ಹೇಳುವುದು ಎಂದುಕೊಂಡೆನು. ಆಕೆ ಮೊದಲ ದಿನ ಮನೆ, ಊಟ, ಕಾಯಿಲೆಗಳ ವಿವರವನ್ನೆಲ್ಲ ಬರೆದುಕೊಂಡು, ವಾರಕ್ಕೊಂದು ಸಲ ಮುಕ್ಕಾಲು ಗಂಟೆ ಕುಳಿತುಕೊಳ್ಳೋಣ, ಆರು ವಾರಗಳಾದ ಮೇಲೆ ಪ್ರಯೋಜನವಾಗಿದೆಯೇ ಎಂದು ಇಬ್ಬರೂ ಸೇರಿ ನೋಡೋಣ ಎಂದರು. ಹೊರಡುವಾಗ, ‘ಎರಡು ಗಂಟೆಗೆ ಎಚ್ಚರವಾದಾಗ ನಿಮಗೆ ಏನು ಕೇಳಿಸುತ್ತದೆ?’ ಎಂದು ಕೇಳಿದರು. ಏನು ನೆನಪಾಗುತ್ತದೆ ಎಂದಲ್ಲ, ಏನು ಕೇಳಿಸುತ್ತದೆ ಎಂದು. ನಾನು ಏನೂ ಇಲ್ಲವೆಂದೆನು.

ನಾಲ್ಕನೆಯ ವಾರ ಹೇಳಿದೆನು. ಕಡೆಯ ರಾತ್ರಿ ಎರಡು ಗಂಟೆಯ ವೇಳೆಗೆ ನನ್ನ ಹೆಂಡತಿ ‘ಏನೂಂದ್ರೆ’ ಎಂದು ಕೂಗಿದಳು. ನನಗೆ ಕೇಳಿಸಿತು. ಅದಕ್ಕೆ ಹಿಂದಿನ ಮೂರು ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ನೀರು ಕೇಳುವಳು, ಸ್ವಲ್ಪ ತಾಳಲಿ ಎಂದುಕೊಂಡು ನಿದ್ರಿಸುವವನಂತೆ ಮಲಗಿಯೇ ಇದ್ದೆನು; ಹಾಗೆಯೇ ನಿದ್ರೆ ಬಂದುಬಿಟ್ಟಿತು. ಬೆಳಗ್ಗೆ ನೋಡಿದಾಗ ಅವಳಿರಲಿಲ್ಲ. ಇದನ್ನು ಮಗಳಿಗೆ ಹೇಳಿರಲಿಲ್ಲ, ದೇವರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ನಿಮ್ಮ ತಪ್ಪಲ್ಲವೆಂದು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಕಡೆಗೆ, ‘ಆ ಹದಿನಾಲ್ಕು ತಿಂಗಳಲ್ಲಿ ಅವರು ಕೂಗಿದಾಗ ಎಷ್ಟು ರಾತ್ರಿ ಎದ್ದಿರಿ?’ ಎಂದು ಕೇಳಿದರು. ನಾನು ಎಣಿಸಿರಲಿಲ್ಲ.

ಅಂದಿನ ರಾತ್ರಿ ನಿದ್ರೆ ಬಂದಿತೆಂದು ವಾಚಕರು ಭಾವಿಸಬಾರದು. ಮುಂದಿನ ಎಂಟು ದಿನ ಮೊದಲಿಗಿಂತ ಕಷ್ಟವಾಯಿತು. ಇದನ್ನು ಹೇಳುವುದಕ್ಕೆ ಕಾರಣವುಂಟು. ಹೊಸಬರು ಎಷ್ಟೋ ಸಲ, ಅಳು ಬಂದಿತು, ಆಯಾಸವಾಯಿತು, ಹಳೆಯದೆಲ್ಲ ಕದಡಿತು ಎಂಬ ಕಾರಣಕ್ಕೆ ಒಳ್ಳೆಯ ಚಿಕಿತ್ಸಕರನ್ನು ಬಿಟ್ಟುಬಿಡುವರು. ಮನಸ್ಸು ನೋಯುವುದು ಬೇರೆ, ಮನಸ್ಸು ಮುಚ್ಚಿಕೊಳ್ಳುವುದು ಬೇರೆ. ನೋವಾದರೂ ಮುಂದಿನ ವಾರ ಹೇಳಬೇಕಾದ ಮಾತೊಂದು ಒಳಗೆ ಸಿದ್ಧವಾಗುತ್ತಿದ್ದರೆ ಹೋಗುತ್ತಿರಬೇಕು. ಕೋಣೆಯ ಹೊರಗೆ ನಿಂತು, ಇವತ್ತು ಯಾವ ಮಾತನ್ನು ಹೇಳದೆ ತಪ್ಪಿಸಿಕೊಳ್ಳಲಿ ಎಂದು ಯೋಚಿಸುವಂತಾದರೆ, ಮೊದಲು ಅದನ್ನೇ ಅವರ ಮುಂದೆ ಹೇಳಿನೋಡಬೇಕು. ಒಳ್ಳೆಯವರು ಅದಕ್ಕೆ ಕೋಪಗೊಳ್ಳರು. ಮೂರು ನಾಲ್ಕು ಸಲವಾದರೂ ಹಾಗೆಯೇ ಇದ್ದರೆ ಬೇರೆಯವರನ್ನು ಹುಡುಕುವುದರಲ್ಲಿ ದೋಷವಿಲ್ಲ, ದ್ರೋಹವೂ ಇಲ್ಲ.

ಪಂಡಿತರ ಮಾತೂ ಇದಕ್ಕೆ ಅನುಕೂಲವಾಗಿದೆ. ಎಡ್ವರ್ಡ್ ಬಾರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1979ರಲ್ಲಿ, ಚಿಕಿತ್ಸಕನಿಗೂ ಚಿಕಿತ್ಸೆಗೆ ಬಂದವನಿಗೂ ಇರುವ ಕೂಟಕ್ಕೆ ಮೂರು ಅಂಗಗಳನ್ನು ಹೇಳಿದರು: ಇಬ್ಬರ ನಡುವಣ ವಿಶ್ವಾಸ, ಎಲ್ಲಿಗೆ ಮುಟ್ಟಬೇಕೆಂಬುದರಲ್ಲಿ ಒಮ್ಮತ, ಅದಕ್ಕಾಗಿ ಏನು ಮಾಡಬೇಕೆಂಬುದರಲ್ಲಿ ಒಮ್ಮತ. ಚಿಕಿತ್ಸೆಯ ಪಂಥ ಯಾವುದೇ ಆಗಿರಲಿ, ಈ ಕೂಟವು ಗಟ್ಟಿಯಾಗಿದ್ದಲ್ಲಿ ಫಲ ಹೆಚ್ಚೆಂದು ಆ ಮೇಲೆ ನಡೆದ ಅನೇಕ ಸಂಶೋಧನೆಗಳಿಂದ ಕಂಡುಬಂದಿದೆ. ನಮ್ಮ ದೇಶದ ಮನೋವೈದ್ಯರಾದ ಜೆ. ಎಸ್. ನೇಕಿ ಅವರು 1973ರಲ್ಲಿ, ಭಾರತೀಯರಿಗೆ ಗುರುಶಿಷ್ಯ ಸಂಬಂಧವೇ ಇಂಥ ಚಿಕಿತ್ಸೆಗೆ ಮಾದರಿಯಾಗಬಹುದೆಂದು ಬರೆದರು. ಹಿರಿಯರನ್ನು ಅವಲಂಬಿಸುವುದು ನಮ್ಮವರಿಗೆ ನಾಚಿಕೆಯಲ್ಲವೆಂಬಷ್ಟರ ಮಟ್ಟಿಗೆ ನಾನು ಅದನ್ನು ಒಪ್ಪುವೆನು. ಆದರೆ ಜೀವಮಾನವೆಲ್ಲ ಗುರುವಿನ ಕುರ್ಚಿಯಲ್ಲಿ ಕುಳಿತವನಾಗಿ ಒಂದು ಸಂಶಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಗುರುವಿನ ಮುಂದೆ ಶಿಷ್ಯನು ತನ್ನ ಉತ್ತಮವಾದುದನ್ನು ತೋರಿಸಲು ಹವಣಿಸುವನು. ಚಿಕಿತ್ಸಕರ ಮುಂದೆ ತೋರಿಸಬೇಕಾದುದು ಅದಲ್ಲವಷ್ಟೆ.

ಮೊದಲ ಭೇಟಿಯಲ್ಲಿ ಇನ್ನೇನು ಕೇಳಬೇಕು? ಇಂಥ ಕಷ್ಟವಿದ್ದವರನ್ನು ಮೊದಲು ನೋಡಿರುವಿರಾ, ಯಾವ ಕ್ರಮದಿಂದ ನಡೆಸುವಿರಿ, ಗುಣ ಕಾಣುತ್ತಿದೆಯೆಂಬುದನ್ನು ತಿಳಿಯುವುದು ಹೇಗೆ, ಔಷಧ ಬೇಕೆನಿಸಿದರೆ ಯಾರಲ್ಲಿಗೆ ಕಳುಹಿಸುವಿರಿ, ಶುಲ್ಕವೆಷ್ಟು ಎಂದು. ಉತ್ತರವು ನೇರವಾಗಿರಬೇಕು. ಇಷ್ಟೇ ದಿನಗಳಲ್ಲಿ ಗುಣಪಡಿಸುವೆನೆಂದು ಖಾತರಿ ಕೊಡುವವರನ್ನು ನಂಬಬೇಡಿರಿ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಅವರನ್ನು ಕೇಳದೆ ನಿಲ್ಲಿಸೆನ್ನುವವರು, ಸ್ವಂತ ಸಂಸಾರದ ಕಥೆಯನ್ನು ತೋಡಿಕೊಳ್ಳುವವರು, ಕೋಣೆಯ ಹೊರಗೆ ಸ್ನೇಹವನ್ನೋ ಸಲಿಗೆಯನ್ನೋ ಬಯಸುವವರು, ಇಂಥವರಿಂದ ದೂರವಿರುವುದು ಕ್ಷೇಮ. ಜಾತಿ, ಮದುವೆ, ನಡತೆಗಳ ವಿಷಯದಲ್ಲಿ ಬಂದವನನ್ನು ನಾಚಿಸುವವರೂ ಆ ಕೆಲಸಕ್ಕೆ ಅರ್ಹರಲ್ಲ.

ಈ ಆರಿಸುವ ಮಾತೆಲ್ಲ ಸಮಯವಿದ್ದಾಗ. ಮಗನು ಬದುಕು ಸಾಕೆಂಬ ಮಾತನ್ನಾಡಿದರೆ, ಅಥವಾ ಅಂಥ ಯೋಚನೆಯಿದೆಯೆಂಬ ಸಂದೇಹ ಬಂದರೆ, ಅವನನ್ನು ಶಾಂತವಾಗಿ ನೇರವಾಗಿಯೇ ಕೇಳಿರಿ. ಕೇಳಿದ ಮಾತ್ರದಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಅಂದೇ ಕರೆದೊಯ್ಯಿರಿ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವು ಹಗಲು ರಾತ್ರಿ, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ದೊರೆಯುವುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಏರ್ಪಾಡನ್ನು, ಎಲ್ಲಿಂದ ಹೊರಡಬೇಕೆಂದು ತಿಳಿಯದವರೂ ದಾರಿ ಕೇಳುವುದಕ್ಕೆ ಉಪಯೋಗಿಸಿಕೊಳ್ಳಬಹುದು. ಬೆಂಗಳೂರು ಸಮೀಪವಿದ್ದವರಿಗೆ ನಿಮ್ಹಾನ್ಸ್, ಉತ್ತರದವರಿಗೆ ಧಾರವಾಡದ ಡಿಮ್ಹಾನ್ಸ್ ಉಂಟು. ಮೊಬೈಲಿನ ಪರದೆಯ ಮೂಲಕವೂ ಈಗ ಥೆರಪಿ ನಡೆಯುವುದು. ದೂರದ ಊರಿನವರಿಗೆ ಅನುಕೂಲವೇ. ತುಂಬಿದ ಮನೆಯಲ್ಲಿ ಅದಕ್ಕೊಂದು ಬಾಗಿಲಿರುವ ಕೋಣೆಯನ್ನೂ, ಕಿವಿಗೊಡದ ಮನೆಮಂದಿಯನ್ನೂ ಒದಗಿಸಬೇಕು. ಎರಡನೆಯದೇ ಕಷ್ಟ.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಚಿಕಿತ್ಸಕರೂ ಮಗನೂ ಕರೆದರೆ ಒಳಗೆ ಹೋಗಿರಿ. ಮನೆಯವರ ಮಾತೂ ಅವರಿಗೆ ಒಮ್ಮೊಮ್ಮೆ ಬೇಕಾಗುವುದು. ಕರೆಯದಿದ್ದರೆ ಹೊರಗಿನ ಬೆಂಚೇ ತಮ್ಮ ಸ್ಥಾನ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಪ್ರಾಣಾಪಾಯ ಮುಂತಾದ ಕೆಲವು ಸಂದರ್ಭಗಳ ಹೊರತು, ಅವನು ಒಳಗೆ ಹೇಳಿದುದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಶುಲ್ಕ ಕೊಡುವವರು ತಾವೆಂಬುದರಿಂದ ಅದು ಬದಲಾಗದು. ಇಬ್ಬರು ಮೂವರ ಹೆಸರುಗಳನ್ನು ತಾವು ವಿಚಾರಿಸಿ ಕೊಡಬಹುದು. ಆರಿಸುವುದು ಅವನ ಪಾಲಿಗಿರಲಿ. ಒಬ್ಬರು ಸರಿಬೀಳಲಿಲ್ಲವೆಂದು ಅವನೆಂದರೆ, ಹಣ ಹಾಳಾಯಿತೆನ್ನದೆ ಇನ್ನೊಬ್ಬರಲ್ಲಿಗೆ ಹೊರಡಿರಿ.

ನನ್ನ ಮಗಳು ಹಾಗೆಯೇ ಮಾಡಿದಳು. ಜಿಲ್ಲಾ ಆಸ್ಪತ್ರೆಯ ಆ ಬೆಂಚಿನ ಮೇಲೆ ಪ್ರತಿ ಗುರುವಾರವೂ ಕುಳಿತು ಹೆಣಿಗೆ ಹೆಣೆಯುತ್ತಿದ್ದಳು. ನಾಲ್ಕನೆಯ ವಾರ ನಾನು ಕೆಂಪು ಕಣ್ಣುಗಳಿಂದ ಹೊರಗೆ ಬಂದಾಗ ಏನಾಯಿತೆಂದು ಕೇಳಲಿಲ್ಲ. ನೂಲನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಇನ್ನೂ ಅರ್ಧ ಗಂಟೆಯಿದೆಯೆಂದು ಹೇಳಿ, ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಹೇಳಿದಳು. ಎಲ್ಲವನ್ನೂ ನಾನಾಗಿಯೇ ಅವಳಿಗೆ ಹೇಳಿದುದು ಮೂರು ತಿಂಗಳಾದ ಮೇಲೆ, ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ.